ಒದ್ದೆ ಚಕ್ರ

ಇನ್ನೇನು ಬಾವುಟ ಇಳಿಯಬೇಕು, ಅಷ್ಟರಲ್ಲಿ ಪಕ್ಕದ ಅಂಬಾಸಿಡರ್‌ನಿಂದ ನರೇಂದ್ರ ಕೈ ಹೊರಗೆ ಚಾಚಿ "ನಿಲ್ಸಿ!" ಅಂತ ಕೂಗಿಬಿಟ್ಟ. ಎರಡೆರಡೇ ಹಳೇ ಕಾರು ನೇರ ರಸ್ತೆಯಲ್ಲಿ ಓಡುವ ಆ ಡ್ರ್ಯಾಗ್ ರೇಸಿನಲ್ಲಿ ಓಟ ತಡೆದವನು ಸೋತ ಹಾಗೇ ಲೆಕ್ಕ. ಬನಶಂಕರಿ ಆಚೆಯ ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ನೆರೆದಿದ್ದ ಜನ ಹೋ ಅಂತ ನಕ್ಕರು.

"ಏನಣ್ಣ, ನನ್ನ ಫಿಯಟ್ ನೋಡಿ ಹೆದರಿದ್ರಾ?" ಅಂದಳು ರೇಖಾ.

"ಈಗ ತಾನೆ ಪೂಜೆ ಅಂತ ಚಕ್ರಕ್ಕೆಲ್ಲ ಪೈಪಲ್ಲಿ ನೀರು ಬಿಟ್ಟೆಯಲ್ಲ ತಾಯಿ, ಬ್ರೇಕಿನ ಡ್ರಮ್ಮೊಳಗೂ ಇಳಿದಿರುತ್ತೆ. ಸ್ವಲ್ಪ ಮುಂದಕ್ಕೆ ಬಿಟ್ಟು ತುಳಿದು ನೋಡು."

ರೇಖಾ ನಗುತ್ತಲೇ ಮುಂದಕ್ಕೆ ಬಿಟ್ಟು ಬ್ರೇಕ್ ತುಳಿದಳು. ಕಾರು ನಿಲ್ಲಲಿಲ್ಲ, ತನ್ನ ಪಾಡಿಗೆ ಉರುಳುತ್ತಲೇ ಹೋಯಿತು. ಅವಳ ನಗು ನಿಂತಿತು. ಕಾಲು ಎತ್ತದೆ ಒತ್ತಿಕೊಂಡೇ ಹೋದ ಮೇಲೆ ಡ್ರಮ್ಮು ಬಿಸಿಯಾಗಿ, ನೀರು ಆರಿ, ಕೊನೆಗೂ ಬ್ರೇಕು ಹಿಡಿಯಿತು. ತಲೆಯೆತ್ತಿ ನೋಡಿದಳು. ರಸ್ತೆಯ ಆ ತುದಿಯಲ್ಲಿ, ಅಮ್ಮ ಗೆದ್ದು ಬರೋದನ್ನ ಫೋನಲ್ಲಿ ಹಿಡಿಯೋಕೆ ಮಗಳು ಮೈತ್ರಿ ನಟ್ಟನಡುವೆ ನಿಂತಿದ್ದಳು.

ರೇಖಾ ಇಳಿದು ಬಂದಳು. ಫಿಯಟ್ಟಿನ ಹಣೆಯ ಹಸಿ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, ಸೋತ ಅಂಬಾಸಿಡರ್‌ನ ಹಣೆಗೆ ಇಟ್ಟು ಕೈಮುಗಿದಳು.