ಮದ್ದಿನ ಪರೀಕ್ಷೆ

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಯ ಸದ್ದು ಕೇಳಿಯೇ ಆ ಊರು ಸುದ್ದಿ ತಿಳಿದುಕೊಳ್ಳುತ್ತಿತ್ತು.

ಅಂದು ಸಂಜೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೋದ ವರ್ಷ ಬೆಳ್ಯಪ್ಪನ ಗುರಿ ತಪ್ಪಿದ ಕಾಯಿಯನ್ನು ಗೆಳೆಯರು ಚಟ್ನಿಗೆಂದು ಅವನ ಮನೆಗೇ ಕಳಿಸಿಕೊಟ್ಟಿದ್ದರು. ಈ ಸಲ ಅವನು ತಾನೇ ಮದ್ದು ತೂಗಿ, ತುಂಬಿ, ಎರಡು ಬಗೆಯ ತೋಟೆ ಸಿದ್ಧಮಾಡಿದ್ದ.

“ಯಾವುದು ನೇರ ಹೋಗ್ತದೆ ಅಂತ ಹೊಡೆದೇ ನೋಡ್ಬೇಕು,” ಎಂದ.

ಹೆಂಡತಿ ದೇಚವ್ವ ಓಡಿಬಂದು ಕೋವಿಗೆ ಕೈ ಅಡ್ಡ ಹಿಡಿದಳು. “ಎರಡು ಸಲ ಹೊಡೆದ್ರೆ ಊರವರು ಅಳ್ತಾ ಬರ್ತಾರೆ!”

“ಹಾಗಾದ್ರೆ ಒಂದೇ ಹೊಡೀಲಾ?”

“ನನಗೆ ಐವತ್ತು ದಾಟಿತು ಮಾರಾಯ್ರೇ. ತೊಟ್ಟಿಲು ಹೊತ್ಕೊಂಡು ಬಂದ್ರೆ ಯಾವ ಮುಖ ತೋರಿಸ್ಲಿ?” ಅವಳು ಹಿಂದೆಮುಂದೆ ಎಲ್ಲ ಯೋಚಿಸಿದಳು. “ಮೂರು ಹೊಡೀರಿ. ಮೂರಕ್ಕೆ ಅರ್ಥವೇ ಇಲ್ಲ.”

ಅವನು ಮೂರು ಹೊಡೆದ. ಎರಡನೆಯ ಬಗೆಯದೇ ನೇರ ಹೋಯಿತು.

ಸ್ವಲ್ಪ ಹೊತ್ತಿಗೆ ಅಂಗಳದ ತುಂಬ ಜನ. ದೇಚವ್ವ ಅಡುಗೆಮನೆಯ ಕಿಟಕಿಯಿಂದ ಹೆದರುತ್ತ ಇಣುಕಿದಳು. ಪಕ್ಕದ ಮನೆಯ ಮುದುಕಿ ಮುದ್ದವ್ವ ಬೆಳ್ಯಪ್ಪನ ತೋಳು ಹಿಡಿದು ಗೋಳಾಡುತ್ತಿದ್ದಳು:

“ಈ ವಯಸ್ಸಲ್ಲಿ ಹೆರೋಕೆ ಹೋಗಿ ಜೀವ ಬಿಟ್ಟಳಲ್ಲೋ ನಮ್ಮ ದೇಚವ್ವ! ಗಂಡುಮಗು ಎಲ್ಲಿ, ಕೊಡು ಇಲ್ಲಿ!”