ಶೂನ್ಯರಾಯನ ಜೋಡಾಟ

“ನಿನ್ನ ಸಿಡಿಲಣ್ಣ ಶುದ್ಧ ಪುಕ್ಕಲ ಮಾರಾಯ! ನನ್ನ ಶೂನ್ಯರಾಯನ ಎದುರು ಒಂದು ಪುಟ ನಿಲ್ಲೂಕಾಗ್ತಿತ್ತಾ ಅವನಿಗೆ?” ಮಂಕಿ ಊರಿನ ಗೆಳೆಯನ ಮನೆಯ ಜಗಲಿಯಲ್ಲಿ ಕೂತು ಉಮೇಶ ಹಳೇ ಕಾಮಿಕ್ಸೊಂದನ್ನು ಅವನ ಮೂಗಿನೆದುರು ಹಿಡಿದು ಕೂಗಿದ. ಕುರ್ಚಿಯಲ್ಲಿದ್ದ ವಿಘ್ನೇಶ್ವರನಿಗೆ ಏನೂ ಆಗಲಿಲ್ಲ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಹಿಂದೆಲ್ಲ ಆಗಿದ್ದರೆ ಇಷ್ಟು ಮಾತಿಗೆ ಅವನು ಉಮೇಶನ ಅಂಗಿ ಗುಂಡಿ ಕಿತ್ತು ಕೈಗೆ ಕೊಡುತ್ತಿದ್ದ.

“ಇನ್ನೂ ಸ್ವಲ್ಪ ಬೈಯಿ ಉಮೇಶಣ್ಣ,” ಬಾಗಿಲಿಗೆ ಒರಗಿ ನಿಂತಿದ್ದ ವಿಘ್ನೇಶ್ವರನ ಹೆಂಡತಿ ಜಯಶ್ರೀ ಹೇಳಿದಳು. “ಸಿಟ್ಟಾದ್ರೂ ಬರ್ಲಿ ಅವ್ರಿಗೆ. ಒಂದೇ ಒಂದು ಮಾತು ಕೇಳಿದ್ರೆ ಸಾಕು ನಂಗೆ. ಬೈಗುಳ ಆದ್ರೂ ಆತು.”

ಲಕ್ವ ಹೊಡೆದಾಗಿನಿಂದ ವಿಘ್ನೇಶ್ವರನ ಬಲಗೈ ತೊಡೆಯ ಮೇಲೆ ಬಿದ್ದುಕೊಂಡೇ ಇತ್ತು, ಬಾಯಿ ಸೊಟ್ಟಗಾಗಿತ್ತು, ಮಾತು ಪೂರ್ತಿ ನಿಂತುಹೋಗಿತ್ತು. ಹೊನ್ನಾವರ ಪೇಟೆಯಲ್ಲಿ ಫ್ಯಾನು, ಮಿಕ್ಸರ್ ರಿಪೇರಿ ಮಾಡುತ್ತಾ ದಿನವಿಡೀ ಗಿರಾಕಿಗಳ ತಲೆ ತಿನ್ನುತ್ತಿದ್ದ ಬಾಯಿ ಅದು! ಮನೆಯೊಳಗೆ ಆ ಸದ್ದಿಲ್ಲದೆ ಜಯಶ್ರೀಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹಳೆಯ ಗೀಳು ಏನಾದರೂ ಇದ್ದರೆ ಕೆಣಕಿ ನೋಡಿ ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಅಪ್ಸರಕೊಂಡದಲ್ಲಿ ಎಳನೀರು ಮಾರುವ ಉಮೇಶನಿಗೆ ಫೋನು ಮಾಡಿದ್ದಳು.

ಗೀಳಿಗೇನು ಬರ! ವಿಘ್ನೇಶ್ವರ ತೋರಣ ಕಾಮಿಕ್ಸಿನ ಭಕ್ತ, ಉಮೇಶ ಕಹಳೆ ಕಾಮಿಕ್ಸಿನ ಭಕ್ತ. ಎರಡೂ ಕಂಪನಿಗಳು ಮುಚ್ಚಿ ಯಾವ ಕಾಲವಾಯಿತೋ, ಇವರಿಬ್ಬರ ಜಗಳ ಮಾತ್ರ ಮುಚ್ಚಿರಲಿಲ್ಲ. ಒಬ್ಬನ ಪುಸ್ತಕ ಇನ್ನೊಬ್ಬ ಮುಟ್ಟುವುದಿಲ್ಲ ಎಂದು ಚಿಕ್ಕಂದಿನಲ್ಲೇ ದೇವರಾಣೆ ಹಾಕಿಕೊಂಡವರು. ನಾಯಕ ತೋರಣದವನೇ ಗಟ್ಟಿ, ಖಳ ಕಹಳೆಯವನೇ ಗಟ್ಟಿ ಎಂಬ ಒಂದು ಮಾತನ್ನಷ್ಟೇ ಇಬ್ಬರೂ ಒಪ್ಪುತ್ತಿದ್ದರು. ತೋರಣದ ಖಳರೆಲ್ಲ ಕೋರೆಹಲ್ಲು ತೋರಿಸಿ ಕಿರುಚಾಡಿ ನಾಯಕ ಸಿಡಿಲಣ್ಣನ ಒಂದು ಗುದ್ದಿಗೆ ಮಕಾಡೆ ಬೀಳುವವರು. ಕಹಳೆಯ ಶೂನ್ಯರಾಯ ಹಾಗಲ್ಲ. ಅವನಿಗೆ ಮೈಯೇ ಇಲ್ಲ. ಯಾರ ಮೈ ಖಾಲಿ ಬಿದ್ದಿದೆಯೋ ಅದರೊಳಗೆ ಹೋಗಿ ಕೂರುವವನು. ದನಿ ಏರಿಸುವವನಲ್ಲ, ಬಹಳ ಮರ್ಯಾದಸ್ಥ.

“ಜೋಡಾಟ ಮಾಡ್ವ ಬಾ,” ಎಂದ ಉಮೇಶ ಕೊನೆಗೆ. ಒಂದೇ ಬಯಲಲ್ಲಿ ಎರಡು ಯಕ್ಷಗಾನ ಮೇಳದವರು ಅಕ್ಕಪಕ್ಕ ರಂಗ ಹೂಡಿ ಜಿದ್ದಿಗೆ ಬಿದ್ದು ಕುಣಿಯುವುದನ್ನು ನೋಡಿ ಕಲಿತ ಆಟ ಅದು. ತೋರಣದ್ದೊಂದು, ಕಹಳೆಯದ್ದೊಂದು ಪುಸ್ತಕ ಬಿಚ್ಚಿಟ್ಟುಕೊಂಡು ಶೂನ್ಯರಾಯನ ಮಾತು ಉಮೇಶ ಹೇಳಬೇಕು, ಅದಕ್ಕೆ ಸಿಡಿಲಣ್ಣನಾಗಿ ವಿಘ್ನೇಶ್ವರ ಉತ್ತರ ಕೊಡಬೇಕು. ಜಯಶ್ರೀ ಗಂಡನ ತೊಡೆಯ ಮೇಲೆ ಅವನ ಪುಸ್ತಕ ಬಿಚ್ಚಿಟ್ಟಳು. ಉಮೇಶ ತನ್ನದನ್ನು ತೆರೆದ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುವಾಗಲೇ ಅದರ ಕೊನೆಯ ಹಾಳೆ ಹರಿದುಹೋಗಿತ್ತು. ಆ ಕತೆ ಹೇಗೆ ಮುಗಿಯಿತೆಂದು ಅವನಿಗೂ ಈವರೆಗೆ ಗೊತ್ತಿಲ್ಲ.

ಓದುತ್ತಾ ಉಮೇಶ ಉಳಿದ ಕಡೆಯ ಪುಟಕ್ಕೆ ಬಂದ. ಶೂನ್ಯರಾಯ ಒಂದು ಮನೆಯ ಹೊಸ್ತಿಲಲ್ಲಿ ನಿಂತಿದ್ದ. “ಬಾಗಿಲು ತೆರೆದಿದೆ. ಒಳಗೆ ಯಾರಿದ್ದೀರಿ?” ಎಂದು ಓದಿ ಉಮೇಶ ತಲೆಯೆತ್ತಿದ. ಈ ಜಾಗಕ್ಕೆ ಬಂದಾಗಲೆಲ್ಲ ವಿಘ್ನೇಶ್ವರ ಎದೆ ತಟ್ಟಿ “ನಾನಿದ್ದೇನೆ, ಸಿಡಿಲಣ್ಣ!” ಎಂದು ಮನೆ ಹಾರಿಹೋಗುವಂತೆ ಅರಚುತ್ತಿದ್ದ. ಈಗ ಕಣ್ಣು ಸಹ ಮಿಟುಕಿಸಲಿಲ್ಲ.

“ಹೇಳಾ ವಿಘ್ನಾ, ನಿನ್ನ ಸರದಿ,” ಎಂದ ಉಮೇಶ. ಮತ್ತೆ ಓದಿದ. “ಒಳಗೆ ಯಾರಿದ್ದೀರಿ?”

“ಯಾರೂ ಇಲ್ಲ,” ಎಂದ ವಿಘ್ನೇಶ್ವರ. “ಆದ್ದರಿಂದಲೇ ಬಂದೆ.”

“ಅಯ್ಯೋ ದೇವ್ರೇ, ಮಾತಾಡಿದ್ರು!” ಜಯಶ್ರೀ ಓಡಿಬಂದು ಗಂಡನ ಕಾಲ ಬುಡದಲ್ಲಿ ಕುಸಿದು ಕೂತು ಗಳಗಳನೆ ಅತ್ತಳು. ಉಮೇಶನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತ್ತು. ಸೊಟ್ಟಗಿದ್ದ ಬಾಯಿ ನೆಟ್ಟಗಾಗಿತ್ತು. ಸತ್ತ ಹಾಗೆ ಬಿದ್ದಿದ್ದ ಬಲಗೈ ನಿಧಾನಕ್ಕೆ ಮೇಲೆದ್ದು ತೊಡೆಯ ಮೇಲಿನ ಸಿಡಿಲಣ್ಣನ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಿತು.

“ನಾನು ಯಾರು ಹೇಳಿ ನೋಡ್ವ?” ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು ಜಯಶ್ರೀ.

ಹೊಸದಾಗಿ ಬಂದ ನೆಂಟರು ನೋಡುವಂತೆ ಅವನು ಅವಳನ್ನು ನೋಡಿದ. “ಈ ಮನೆಯ ಯಜಮಾನಿ ಎಂದು ಕಾಣುತ್ತದೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಬೇಕು. ಇವರು ಕರೆದರು.” ಉಮೇಶನತ್ತ ಬೆರಳು ತೋರಿಸಿದ.

“ಜಯಶ್ರೀ, ಇವ ಅವ ಅಲ್ಲ!” ಉಮೇಶ ಎದ್ದು ನಿಂತ. “ನಾ ಎಂತ ಕೆಲಸ ಮಾಡ್ಬಿಟ್ಟೆ! ಈ ಪುಸ್ತಕ ಈಗ್ಲೇ ಒಲೆಗೆ ಹಾಕ್ತೆ. ಎಲ್ಲಿಂದ ಬಂದಿದ್ಯೋ ಅಲ್ಲಿಗೇ ಹೋಗ್ಲಿ ಅದು.”

ಅವಳು ಪುಸ್ತಕವನ್ನು ಅವನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡಳು. “ಹೋದ್ರೆ ಮತ್ತೆ ಆ ಸುಮ್ಮನೆ ಕೂತ ಮನುಷ್ಯನ ಎದುರು ಕೂತ್ಕಳ್ಳೂದು ಯಾರು, ನೀನಾ?” ಎಂದಳು. “ನೀ ಮನೆಗೆ ಹೋಗು ಉಮೇಶಣ್ಣ.”

ಉಮೇಶ ಚಪ್ಪಲಿ ಮೆಟ್ಟದೆ ಅಂಗಳಕ್ಕಿಳಿದ. ಹಿಂದಿನಿಂದ ಅವಳ ದನಿ ಕೇಳಿಸಿತು. ಮದುವೆಯಾದಂದಿನಿಂದ ದಿನಾ ಗಂಡನಿಗೆ ಚಾ ಮಾಡಿಕೊಟ್ಟವಳು ಸೆರಗು ಸರಿಮಾಡಿಕೊಂಡು, ಸ್ವಲ್ಪ ನಾಚಿಕೆಯಿಂದ ಕೇಳುತ್ತಿದ್ದಳು.

“ನಿಮಗೆ ಸಕ್ಕರೆ ಎಷ್ಟು ಹಾಕ್ಲಿ?”