ಇನ್ಸ್‌ಪೆಕ್ಟರ್ ಕೊಟ್ಟ ಮಾತು

"ಏನಿಲ್ಲ ಮೇಡಂ, ಸುಸ್ತಾಗಿ ಮಲಗಿದಾರೆ," ಎನ್ನುತ್ತಾ ಪಾತ್ರೆ ತೊಳೆಯುವ ಹೆಂಗಸು ಫೋನನ್ನು ಬೆನ್ನ ಹಿಂದೆ ಮರೆಮಾಡಿದಳು. ಕ್ಯಾಂಟೀನಿನ ಒದ್ದೆ ನೆಲದ ಮೇಲೆ ಅವಳ ಗಂಡ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ಕೈ ತೊಳೆಯಲು ಬಂದಿದ್ದ ಇನ್ಸ್‌ಪೆಕ್ಟರ್ ಮಂಡಿಯೂರಿ ಅವನ ಮೂಗಿನ ಬಳಿ ಬೆರಳಿಟ್ಟಳು. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟಿತ್ತು.

"ಏನು ತಗೊಂಡಿದಾನೆ?"

"ನಂಗೇನೂ ಗೊತ್ತಿಲ್ಲ." ಹೆಂಗಸಿನ ಕಣ್ಣು ಇನ್ಸ್‌ಪೆಕ್ಟರ್ ಕೊರಳಲ್ಲಿದ್ದ ಬ್ಯಾಡ್ಜಿನ ಮೇಲೇ ಇತ್ತು. ಮಾದಕವಸ್ತು ಮತ್ತು ಕಾನೂನು ಕುರಿತ ಬೇಸಿಗೆ ಶಿಬಿರದವರು ಅದರಲ್ಲಿ ಹುದ್ದೆಯನ್ನು ದಪ್ಪಕ್ಷರದಲ್ಲಿ ಬರೆದಿದ್ದರು. ಜೀವ ಹೋಗುವಾಗ ಕೇಸಿಗೆ ಹೆದರಿ ಯಾರೂ ಸುಮ್ಮನಿರುವುದಿಲ್ಲ, ಸಹಾಯಕ್ಕೆ ಕರೆದವರಿಗೆ ಕೇಸಿನಿಂದ ವಿನಾಯಿತಿ ಬೇಕಿಲ್ಲ ಎಂದು ಅರ್ಧ ಗಂಟೆಯ ಹಿಂದಷ್ಟೇ ಮಹಡಿಯ ಶಿಬಿರದ ತರಗತಿಯಲ್ಲಿ ಇನ್ಸ್‌ಪೆಕ್ಟರ್ ವಾದಿಸಿದ್ದಳು. ಈಗ ಫೋನ್ ಕಸಿದು ನೋಡಿದರೆ ಆಂಬುಲೆನ್ಸಿನ ನಂಬರು ಒತ್ತಿಯಾಗಿತ್ತು, ಕರೆ ಮಾತ್ರ ಹೋಗಿರಲಿಲ್ಲ.

ಇನ್ಸ್‌ಪೆಕ್ಟರ್ ತಾನೇ ಕರೆ ಮಾಡುತ್ತಾ ಕೇಳಿದಳು: "ನಿಮ್ಮಿಬ್ಬರನ್ನೂ ಯಾರೂ ಹಿಡ್ಕೊಂಡು ಹೋಗಲ್ಲ. ನಾನು ಮಾತು ಕೊಡ್ತೀನಿ. ಏನದು, ಹೇಳಮ್ಮಾ!"

ಹೆಂಗಸು ಸೊಂಟದಿಂದ ಹೆರಾಯಿನ್ ಪುಡಿಯ ಪೊಟ್ಟಣ ತೆಗೆದು ಕೊಟ್ಟಳು. ಇನ್ಸ್‌ಪೆಕ್ಟರ್ ಅದೇನೆಂದು ಫೋನಿನಲ್ಲಿ ಹೇಳಿ, ಆಂಬುಲೆನ್ಸ್ ಬರುವವರೆಗೂ ಅವನ ಬಾಯಿಗೆ ಉಸಿರು ಊದಿದಳು. ಬಂದವರು ಮೂಗಿಗೆ ಅಮಲು ಇಳಿಸುವ ಔಷಧಿ ಹಾಕಿದ ಮೇಲೆ ಅವನು ಒಮ್ಮೆಲೇ ಕೆಮ್ಮಿ ಕಣ್ಣು ಬಿಟ್ಟ.

ಸ್ಟ್ರೆಚರಿನ ಹಿಂದೆ ಓಡುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತಳು. "ಮಾತು ಕೊಟ್ಟಿದೀರಿ, ಅಲ್ವಾ ಮೇಡಂ?"

"ಹೂಂ."

ಹಾಗೆ ಮಾತು ಕೊಡುವ ಅಧಿಕಾರವನ್ನು ಯಾವ ಕಾನೂನೂ ತನಗೆ ಕೊಟ್ಟಿಲ್ಲವೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಅವಳು ನಲ್ಲಿ ತಿರುಗಿಸಿ, ಪೊಟ್ಟಣದಲ್ಲಿ ಉಳಿದಿದ್ದ ಪುಡಿಯನ್ನು ನೀರಿಗೆ ಸುರಿದಳು.